ಬದುಕಿರುವವನಿಗೆ ಒಂದು ನಿಮಿಷ ಮೌನ

ಸರ್ವೋತ್ತಮನ ಹೆದರಿಕೆ ಶುರುವಾದದ್ದು ಕಾಪುವಿನಲ್ಲಿ, ಹೆದ್ದಾರಿ ಬದಿಯ ಬೊಂಡದ ಗಾಡಿಯ ಎದುರು. ಶಾಸಕ ರಾಮದಾಸರು ಎಳನೀರು ಕುಡಿದು ಮುಗಿಸಿ, ಕರ್ಚೀಫಿನಿಂದ ಬಾಯಿ ಒರೆಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಅವನನ್ನು ಕೇಳಿದರು:

“ಅಪ್ಪ ಹೇಗಿದ್ದಾರೆ ಮಾರಾಯ? ಮೊಣಗಂಟು ನೋವು ಕಡಿಮೆ ಉಂಟಾ?”

ಸರ್ವೋತ್ತಮನ ಅಪ್ಪ ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಬೆಳ್ಮಣ್ಣಿನ ಅವರ ಮನೆಯಂಗಳದಲ್ಲಿ ಮೈಕು ಹಿಡಿದು ಸತ್ತವರ ಬಗ್ಗೆ ನಾಲ್ಕು ಮಾತಾಡಿದ್ದು ಇದೇ ರಾಮದಾಸರು. ಆ ಮಾತು ಕೇಳಿ ನೆರೆಕರೆಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು.

“ಕಡಿಮೆ ಉಂಟು ಅಣ್ಣ,” ಎಂದ ಸರ್ವೋತ್ತಮ.

ಕಾರು ಹತ್ತಿದ ಮೇಲೆ ಅವನು, ಡ್ರೈವರ್ ಡೆನ್ವರ್ ಕನ್ನಡಿಯಲ್ಲಿ ನೋಡಿಯಾನು ಎಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತ. ಕಟಪಾಡಿ ಬರುವವರೆಗೂ ಹಾಗೆಯೇ ಕುಳಿತಿದ್ದನಂತೆ. ಹಿಂದಿನ ಸೀಟಿನಲ್ಲಿ ರಾಮದಾಸರು ಎಂದಿನಂತೆ ಕಿಟಕಿಯ ಹೊರಗೆ ಕೈಬೀಸುತ್ತಿದ್ದರು.

ಸರ್ವೋತ್ತಮ ನನ್ನ ತಂಗಿಯ ಮಗಳು ಕುಶಲಾಳ ಗಂಡ. ಹುಟ್ಟಿದ್ದು ಬೆಳ್ಮಣ್ಣಿನಲ್ಲಿ, ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಕಾರ್ಕಳದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಆಗ ರಾಮದಾಸರಿಗೆ ಅರ್ಜಿ ಬರೆಯಲು, ಫೋನು ಎತ್ತಲು ಒಬ್ಬ ಬೇಕಾಗಿತ್ತು. ಕೆಲವು ತಿಂಗಳ ಮಟ್ಟಿಗೆ ಎಂದು ಹೋದವನು ಅಲ್ಲೇ ಉಳಿದ, ತಲೆ ನೆರೆಯಿತು. ಸರಕಾರ ಕೊಟ್ಟ ಆಪ್ತ ಸಹಾಯಕರು ಬಂದರು, ವರ್ಗವಾಗಿ ಹೋದರು. ಸರ್ವೋತ್ತಮನಿಗೆ ಹುದ್ದೆಯ ಹೆಸರೇ ಇರಲಿಲ್ಲ. ಜನ ಅವನನ್ನು ‘ಅಣ್ಣನ ಸರ್ವೋತ್ತಮ’ ಎಂದರು, ಅದೇ ಹುದ್ದೆಯಾಯಿತು.

ಅವನು ಧೈರ್ಯಸ್ಥನಲ್ಲ. ಸಿಡಿಲಿಗೆ ಹೆದರುತ್ತಾನೆ, ಹಲ್ಲಿಯ ಶಬ್ದಕ್ಕೆ ಹೆದರುತ್ತಾನೆ, ಗ್ಯಾಸ್ ಬಂದ್ ಮಾಡಿದ್ದೇವಾ ಎಂದು ಅರ್ಧ ದಾರಿಯಿಂದ ಮನೆಗೆ ಮರಳುತ್ತಾನೆ. “ಮದುವೆಯ ದಿನ ನನ್ನ ಮುಖ ನೋಡಿ ಬೆವರಿದ್ದು ಸೆಕೆಗೆ ಅಲ್ಲ ದೊಡ್ಡಮ್ಮ,” ಎಂದು ಕುಶಲಾ ಈಗಲೂ ತಮಾಷೆ ಮಾಡುತ್ತಾಳೆ. ಇಂಥವನು ರಾಜಕೀಯದಲ್ಲಿ ಉಳಿದದ್ದು ತನ್ನದೆಂದು ಏನನ್ನೂ ನಿರ್ಧರಿಸಬೇಕಾಗಿ ಬರಲಿಲ್ಲ ಎಂಬ ಕಾರಣಕ್ಕೆ. ನಿರ್ಧಾರವೆಲ್ಲ ಅಣ್ಣನದು. ಇವನು ಅರ್ಧ ಹೆಜ್ಜೆ ಹಿಂದೆ, ಎಡಗಡೆ.

ನಮ್ಮ ಕಡೆ ಮದುವೆಗಿಂತ ಬೊಜ್ಜಕ್ಕೆ ಜನ ಹೆಚ್ಚು ಸೇರುತ್ತಾರೆ. ಊಟಕ್ಕೆ ಮೊದಲು, ಹಾರ ಹಾಕಿದ ಫೋಟೋದ ಪಕ್ಕದಲ್ಲಿ ಯಾರಾದರೂ ದೊಡ್ಡವರು ನಿಂತು ನುಡಿನಮನ ಸಲ್ಲಿಸಬೇಕು. ಸತ್ತವರು ಯಾರ ಮಗ, ಮುಂಬೈಯಲ್ಲೋ ಗಲ್ಫಿನಲ್ಲೋ ಎಷ್ಟು ಕಷ್ಟಪಟ್ಟರು, ಊರಿನ ಶಾಲೆಗೆ ಏನು ಕೊಟ್ಟರು, ಇದೆಲ್ಲ ಹೇಳಿ, ಕೊನೆಗೆ ಎಲ್ಲರನ್ನೂ ಎಬ್ಬಿಸಿ ಒಂದು ನಿಮಿಷ ಮೌನ. ರಾಮದಾಸರ ಹೆಸರು ಬೆಳೆದದ್ದು ಈ ಮಾತಿನಿಂದ. ಅವರು ಕಾಗದ ಹಿಡಿಯುತ್ತಿರಲಿಲ್ಲ. ಸತ್ತವನ ಅಜ್ಜಿಯ ಮನೆ ಯಾವುದು, ಅವನ ಎತ್ತಿನ ಬಣ್ಣ ಯಾವುದು ಎಂಬಲ್ಲಿಯವರೆಗೆ ಹೇಳುತ್ತಿದ್ದರು. ‘ಅಣ್ಣನಿಗೆ ನಮ್ಮ ಮನೆಯ ನೆನಪುಂಟು’ ಎಂದು ಒಂದು ಮನೆಯವರಿಗೆ ಅನಿಸಿದರೆ ಆ ಮನೆಯ ಓಟು ಮುಂದಿನ ತಲೆಮಾರಿಗೂ ಅಲ್ಲೇ ಇರುತ್ತದೆ. ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು. ಚುನಾವಣೆಯ ಬಗ್ಗೆ ಎಷ್ಟೋ ಸಿದ್ಧಾಂತ ಕಲಿಸಿದ್ದೇನೆ, ಇದನ್ನು ಕಲಿಸಿರಲಿಲ್ಲ.

ಆ ನೆನಪಿನ ಅರ್ಧ ಭಾಗ ಸರ್ವೋತ್ತಮ ತಂದದ್ದು. ಹಿಂದಿನ ದಿನವೇ ಆ ಮನೆಗೆ ಹೋಗಿ, ಚಾ ಕುಡಿದು, ವಿಷಯ ತಿಳಿದುಕೊಂಡು ಬಂದು, ಕಾರಿನಲ್ಲಿ ಹೇಳುತ್ತಿದ್ದ. ಒಂದು ಸಲ ಹೇಳಿದರೆ ಸಾಕಾಗುತ್ತಿತ್ತು.

ಕಾಪುವಿನ ಘಟನೆಯ ನಂತರ ಎರಡು ಸಲ ಹೇಳಬೇಕಾಯಿತು. ಆಮೇಲೆ ಹಾಲ್‌ನ ಬಾಗಿಲಲ್ಲಿ ಇನ್ನೊಂದು ಸಲ. ಸ್ವಲ್ಪ ಸಮಯದಲ್ಲಿ ಅವನು ಅರ್ಧ ಹೆಜ್ಜೆ ಹಿಂದೆ ನಿಲ್ಲುವುದನ್ನು ಬಿಟ್ಟು ಭುಜಕ್ಕೆ ಭುಜ ತಾಗಿಸಿ ನಿಲ್ಲತೊಡಗಿದ. ಎದುರಿನಿಂದ ಯಾರಾದರೂ ನಗುತ್ತಾ ಬಂದರೆ, ಅವರು ಕೈಮುಗಿಯುವುದಕ್ಕೆ ಮೊದಲೇ ಇವನು ಜೋರಾಗಿ, “ಓಹೋ, ಹೆಬ್ರಿ ಸೊಸೈಟಿಯ ಅಧ್ಯಕ್ಷರು!” ಎಂದು ಕೂಗುತ್ತಿದ್ದ. ಜನ, ಸರ್ವೋತ್ತಮನಿಗೆ ವಯಸ್ಸಾದ ಮೇಲೆ ಬಾಯಿ ಬಂತು ಎಂದು ನಕ್ಕರು. ಅವನೂ ನಗುತ್ತಿದ್ದ. ಮನೆಗೆ ಬಂದು ಅಂಗಿ ಬಿಚ್ಚಿದರೆ ಬೆನ್ನು ಪೂರ್ತಿ ಒದ್ದೆಯಾಗಿರುತ್ತಿತ್ತು.

ಎಲ್ಲರ ಕೈಯಲ್ಲೂ ಮೊಬೈಲು. ಯಾವ ಮದುವೆಯಲ್ಲಿ, ಯಾವ ಉದ್ಘಾಟನೆಯಲ್ಲಿ ಅಣ್ಣನ ಬಾಯಿಂದ ಏನು ಬಂದು ಸಂಜೆಯೊಳಗೆ ಊರೆಲ್ಲ ತಿರುಗುತ್ತದೋ ಎಂಬುದು ಅವನ ಭಯ. ಕಾರ್ಕಳದ ಒಂದು ಶಿಲಾನ್ಯಾಸದಲ್ಲಿ ರಾಮದಾಸರು, ಹಿಂದಿನ ವರ್ಷವೇ ಕಟ್ಟಿ ಮುಗಿಸಿದ ಸೇತುವೆಯನ್ನು ಮಾಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟರು. ಸೇತುವೆ ಎದುರಿಗೇ ಕಾಣುತ್ತಿತ್ತು. ಜನ ಅದನ್ನು ಹಾಸ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ರಾಮದಾಸರು ಚಪ್ಪಾಳೆಗೆ ಕೈಮುಗಿದರು. ಸರ್ವೋತ್ತಮ ವೇದಿಕೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ಚುನಾವಣೆಗೆ ವರ್ಷವೂ ಉಳಿದಿರಲಿಲ್ಲ. ಅಣ್ಣ ಈ ಸಲ ಬಿಡುತ್ತಾರಾ, ಇಲ್ಲವಾ ಎಂಬುದೇ ಎಲ್ಲ ಕಡೆ ಮಾತು. ಬಿಟ್ಟರೆ ಯಾರು ಎಂಬುದರಲ್ಲಿ ಸಂಶಯವಿರಲಿಲ್ಲ. ರೋಹಿತ್ ಇದ್ದ. ರಾಮದಾಸರೇ ಕಾಲೇಜಿನಿಂದ ಎತ್ತಿ ಬೆಳೆಸಿದ ಹುಡುಗ, ಈಗ ನಲವತ್ತು ದಾಟಿದವನು, ತಾಲೂಕು ಪಂಚಾಯಿತಿಯಲ್ಲಿ ಕೆಲಸ ಮಾಡಿ ಒಳ್ಳೆಯ ಹೆಸರು ತೆಗೆದುಕೊಂಡವನು. “ನನ್ನ ನಂತರ ರೋಹಿತ್” ಎಂದು ಹೆಬ್ರಿಯ ಸಭೆಯಲ್ಲಿ ಸಾರಿದವರು ರಾಮದಾಸರೇ. ಆದರೆ ಆ ‘ನಂತರ’ ಪ್ರತಿ ಚುನಾವಣೆಗೂ ಒಂದಷ್ಟು ಮುಂದೆ ಹೋಗುತ್ತಿತ್ತು.

ಪಕ್ಷದ ಜಿಲ್ಲೆಯ ಉಸ್ತುವಾರಿ ಗುರುಪ್ರಸಾದ್ ಒಂದು ದಿನ ಸರ್ವೋತ್ತಮನನ್ನು ಉಡುಪಿಗೆ ಕರೆಸಿಕೊಂಡ. ಹೋಟೆಲಿನ ಮೂಲೆಯ ಮೇಜು. ಗೋಳಿಬಜೆ, ಕಾಫಿ ತರಿಸಿದ.

“ಶಾಸಕಗಿರಿ ಎಂತ ಮೂಲಗೇಣಿಯಾ ಮಾರಾಯ, ಮಕ್ಕಳು ಮೊಮ್ಮಕ್ಕಳ ಕಾಲದವರೆಗೆ ಕೂತುಕೊಳ್ಳಲಿಕ್ಕೆ? ಇದು ಚಾಲಗೇಣಿ. ಧನಿ ಬಿಡು ಅಂದರೆ ಬಿಡಬೇಕು. ಧನಿ ಅಂದರೆ ಜನ.”

“ಜನ ಬಿಡು ಅನ್ನಲಿಲ್ಲವಲ್ಲ ಗುರುಪ್ರಸಾದಣ್ಣ.”

“ಅದಕ್ಕೇ ನಿನ್ನನ್ನು ಕರೆದದ್ದು. ಅವರು ನಿಂತರೆ ಗೆಲ್ಲುತ್ತಾರೆ, ಅದು ನನಗೆ ಗೊತ್ತುಂಟು. ವಯಸ್ಸು ಎಪ್ಪತ್ತೆಂಟು ಆದರೆ ಆಯಿತು, ಅದರಿಂದ ಎಂತ. ನನಗೆ ಬೇಕಾದದ್ದು ಒಂದೇ. ತಲೆ ಸರಿ ಉಂಟಾ? ನೀನು ಹೌದು ಅಂದರೆ ಟಿಕೆಟ್ ಅವರಿಗೆ. ಅಲ್ಲ ಅಂದರೆ ನಾನು ಹೋಗಿ ಕಾಲು ಹಿಡಿದು ರೋಹಿತನಿಗೆ ಬಿಟ್ಟುಕೊಡಿ ಅಂತ ಕೇಳುತ್ತೇನೆ. ಹಾರ ಹಾಕಿ, ಮರ್ಯಾದೆಯಿಂದ.”

ಪಕ್ಕದ ಮೇಜಿನಲ್ಲಿ ಯಾರೋ ಚಮಚ ಬೀಳಿಸಿದರು. ಆ ಶಬ್ದಕ್ಕೆ ಸರ್ವೋತ್ತಮ ಬೆಚ್ಚಿ ಎದ್ದು ನಿಂತನಂತೆ.

“ಅಣ್ಣನಿಗೆ ಎಂತ ಆಗಿದೆ? ನನ್ನ ತಲೆಗಿಂತ ಅವರದ್ದು ಸರಿ ಉಂಟು,” ಎಂದ.

“ನಿನ್ನ ತಲೆ ಅಳತೆಯಾ ಮಾರಾಯ?” ಎಂದು ಗುರುಪ್ರಸಾದ್ ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ. “ಸರಿ. ನಿನ್ನ ಮಾತಿನ ಮೇಲೆ ಬಿಟ್ಟಿದ್ದೇನೆ.”

ಬಸ್ಸಿನಲ್ಲಿ ಮನೆಗೆ ಬರುವಾಗ ಅವನಿಗೆ ಎದೆನೋವು ಬಂತು. ಕುಶಲಾ ಮಣಿಪಾಲಕ್ಕೆ ಕರೆತಂದು ಎಲ್ಲ ಪರೀಕ್ಷೆ ಮಾಡಿಸಿದಳು. ಎದೆಯಲ್ಲಿ ಏನೂ ಇರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಶಿರ್ವದ ಸಮೀಪ ಒಂದು ಬೊಜ್ಜ. ತೀರಿಹೋದವರು ಭುಜಂಗ; ಮುಂಬೈಯ ಭಾಂಡೂಪಿನಲ್ಲಿ ಕ್ಯಾಂಟೀನು ನಡೆಸಿ, ಮುದಿಪ್ರಾಯದಲ್ಲಿ ಊರಿಗೆ ಬಂದವರು. ಸರ್ವೋತ್ತಮ ಕಾರಿನಲ್ಲಿ ಮೂರು ನಾಲ್ಕು ಸಲ ಹೇಳಿದ: ಭುಜಂಗ, ಭಾಂಡೂಪು, ಶಾಲೆಗೆ ಬೆಂಚು. ರಾಮದಾಸರೂ ತಿರುಗಿ ಹೇಳಿದರು: “ಭುಜಂಗ, ಭಾಂಡೂಪು, ಬೆಂಚು. ಸಾಕು ಮಾರಾಯ, ನಾನು ಎಂತ ಎರಡನೆಯ ಕ್ಲಾಸಿನ ಹುಡುಗನಾ?”

ನಮ್ಮಲ್ಲಿ ಮಾತಾಡಲು ಬಂದ ದೊಡ್ಡವರನ್ನು ಕಾರಿನ ಬಾಗಿಲಿಗೇ ಬಂದು ಕೈಹಿಡಿದು ಇಳಿಸಿಕೊಳ್ಳುವವನು ಆ ಮನೆಯ ಹಿರಿಯ. ಅಂದು ಬಂದವನು ಸತ್ತವರ ತಮ್ಮ. ರಾಮದಾಸರ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು, “ನಾನು ವಿಠಲ, ಅಣ್ಣ. ವಿಠಲ. ನೆನಪುಂಟಲ್ಲ?” ಎಂದ. ಕೈ ಬಿಡದೆ ವೇದಿಕೆಯವರೆಗೂ ನಡೆಸಿಕೊಂಡು ಹೋದ. ಈ ಮರ್ಯಾದೆಯಲ್ಲಿ ಸರ್ವೋತ್ತಮ ಹಿಂದುಳಿದ.

ರಾಮದಾಸರು ಚೆನ್ನಾಗಿ ಮಾತಾಡಿದರು. ಭಾಂಡೂಪು ಬಂತು, ಕ್ಯಾಂಟೀನು ಬಂತು, ಬೆಂಚು ಬಂತು. ಸರ್ವೋತ್ತಮನ ಉಸಿರು ಸ್ವಲ್ಪ ಸಡಿಲವಾಯಿತು. ಆಗ ಅವರು ಸ್ವರ ತಗ್ಗಿಸಿ ಹೇಳಿದರು:

“ಇಂಥ ವಿಠಲ ಇಂದು ನಮ್ಮ ನಡುವೆ ಇಲ್ಲ. ವಿಠಲನ ಆತ್ಮಕ್ಕೆ ಸದ್ಗತಿ ಸಿಗಲಿ. ಎಲ್ಲರೂ ಎದ್ದು ನಿಂತು ವಿಠಲನಿಗಾಗಿ ಒಂದು ನಿಮಿಷ ಮೌನ ಆಚರಿಸೋಣ.”

ಕುರ್ಚಿಗಳು ಕದಲಿದವು. ಹಾಲಿನಲ್ಲಿದ್ದವರೆಲ್ಲ ಎದ್ದರು. ಎದುರಿನ ಸಾಲಿನಲ್ಲಿದ್ದ ವಿಠಲ ಮೊದಲು ಆಚೀಚೆ ನೋಡಿದ. ಶಾಸಕರು ತಲೆ ತಗ್ಗಿಸಿ ನಿಂತಿದ್ದರು. ಅವನೂ ಎದ್ದ, ಕೈಕಟ್ಟಿ ನಿಂತ, ತನ್ನ ಆತ್ಮಕ್ಕಾಗಿ ತಾನೇ ಮೌನ ಆಚರಿಸಿದ. ಅವನ ಹೆಂಡತಿ ನಳಿನಾಕ್ಷಿ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ತೆರೆದು, ಶಬ್ದವಿಲ್ಲದೆ ಅಲ್ಲೇ ಕುಸಿದಳು. ಮೌನ ಮುರಿಯಬಾರದು ಎಂದು ಯಾರೂ ಅವಳ ಬಳಿ ಹೋಗಲಿಲ್ಲ. ಅಡುಗೆಯವರ ಸೌಟಿನ ಶಬ್ದ ಒಂದೇ ಕೇಳುತ್ತಿತ್ತು.

ಊಟದ ಸಾಲಿನಲ್ಲಿ ವಿಠಲನೇ ನಗಿಸಲು ನೋಡಿದ. “ನನ್ನ ಬೊಜ್ಜದ ಊಟ ನಾನೇ ಉಂಡೆ. ಈ ಭಾಗ್ಯ ಯಾರಿಗೆ ಸಿಗುತ್ತದೆ ಹೇಳಿ! ಪಾಯಸ ಒಳ್ಳೆಯದುಂಟು.” ಕೆಲವರು ನಕ್ಕರು. ಹೆಚ್ಚಿನವರು ಎಲೆಯಿಂದ ತಲೆ ಎತ್ತಲಿಲ್ಲ.

ಕಾರಿನಲ್ಲಿ ರಾಮದಾಸರು ಕೇಳಿದರು: “ಇವತ್ತು ಮಾತು ಒಳ್ಳೆಯದಾಯಿತು, ಅಲ್ವಾ?”

“ಹೌದು ಅಣ್ಣ.”

ಮರುದಿನ ವಿಠಲನ ಮಗ ಪ್ರತೀಕ್ ಬೆಳ್ಮಣ್ಣಿಗೆ ಬಂದ. ಕಾಪುವಿನಲ್ಲಿ ಮೊಬೈಲಿನ ಅಂಗಡಿ ಇಟ್ಟವನು, ಗಟ್ಟಿ ಮಾತಿನ ಹುಡುಗ. ಕುಶಲಾ ಕೊಟ್ಟ ಚಾವನ್ನು ಮುಟ್ಟಲಿಲ್ಲ. ಮೊಬೈಲು ತೆಗೆದು ಮೇಜಿನ ಮೇಲಿಟ್ಟು ವೀಡಿಯೊ ತೋರಿಸಿದ.

“ತೆಗೆದವರು ಇನ್ನೂ ಇಬ್ಬರು ಇದ್ದರು ಸರ್ವೋತ್ತಮಣ್ಣ. ಅಳಿಸಿ ಹಾಕಿ ಎಂದು ನಾನೇ ಕೇಳಿಕೊಂಡೆ. ಇದೊಂದು ಉಳಿದದ್ದು. ನಾನು ಯಾರಿಗೂ ಕಳಿಸುವುದಿಲ್ಲ. ಆದರೆ ಅಮ್ಮ ಊಟ ಬಿಟ್ಟಿದ್ದಾರೆ. ಅಪ್ಪನಿಗೆ ಕೆಮ್ಮು ಬಂದರೆ ಓಡಿ ಬಂದು ಎದೆ ಮುಟ್ಟಿ ನೋಡುತ್ತಾರೆ. ಅಪ್ಪ ಬಾವಿಗೆ ಬಗ್ಗಬಾರದು, ಸ್ಕೂಟರ್ ಹತ್ತಬಾರದು. ಮೊದಲ ದಿನ ನಕ್ಕ ಅಪ್ಪ ಈಗ ನಗುವುದಿಲ್ಲ.”

“ಒಂದು ಶಾಂತಿ ಮಾಡಿಸಿದರೆ...”

“ಅಮ್ಮನಿಗೆ ಶಾಂತಿ ಬೇಡವಂತೆ. ಯಾವ ಬಾಯಿ ಅಪ್ಪನನ್ನು ಸತ್ತ ಎಂದಿತೋ ಅದೇ ಬಾಯಿ ಮನೆಗೆ ಬಂದು, ಅಪ್ಪನನ್ನು ಹೆಸರು ಹಿಡಿದು ಕರೆದು, ಬಾಳು ಎನ್ನಬೇಕಂತೆ. ಬರುವ ಭಾನುವಾರ. ಕರೆದುಕೊಂಡು ಬನ್ನಿ.”

ಹುಡುಗ ಹೆದರಿಸಲು ಬಂದಿರಲಿಲ್ಲ. ಅವನಿಗೇ ಹೆದರಿಕೆಯಾಗಿತ್ತು. ಅದು ಸರ್ವೋತ್ತಮನಿಗೂ ಕಂಡಿತು, ಅದರಿಂದ ಇನ್ನಷ್ಟು ಹೆದರಿದ. ಅಣ್ಣನನ್ನು ಶಿರ್ವಕ್ಕೆ ಕರೆದುಕೊಂಡು ಹೋಗಬೇಕಾದರೆ, ಯಾಕೆ ಎಂದು ಹೇಳಬೇಕು. ಯಾಕೆ ಎಂದು ಹೇಳಬೇಕಾದರೆ, ನಿಮಗೆ ಮರೆವು ಬಂದಿದೆ ಎಂದು ಹೇಳಬೇಕು. ಇಷ್ಟು ತಿಂಗಳು ಅವನು ಹೇಳದೆ ಉಳಿಸಿಕೊಂಡದ್ದು ಅದೊಂದನ್ನೇ.

ಅಂದು ಸಂಜೆ ಗಂಡಹೆಂಡಿರಿಬ್ಬರೂ ಮಣಿಪಾಲಕ್ಕೆ ನನ್ನಲ್ಲಿಗೆ ಬಂದರು. ಸರ್ವೋತ್ತಮ ಕುರ್ಚಿಯ ತುದಿಯಲ್ಲಿ ಕುಳಿತ.

“ವಿಠಲಣ್ಣನಿಗೆ ಏನಾದರೂ ಆದರೆ ದೊಡ್ಡಮ್ಮ? ನಾಳೆ ಬಿದ್ದು ಕೈ ಮುರಿದುಕೊಂಡರೂ ಅಣ್ಣನ ತಲೆಗೆ ಕಟ್ಟುತ್ತಾರೆ.”

“ಆತನಿಗೆ ಎಪ್ಪತ್ತರ ಹತ್ತಿರ. ಏನಾದರೂ ಆಗಿಯೇ ಆಗುತ್ತದೆ, ಇಂದಲ್ಲದಿದ್ದರೆ ಇನ್ನೊಂದು ದಿನ. ಅದು ಬಿಡು. ನೀನು ಹೆದರುವುದು ರಾಮದಾಸರಿಗಾಗಿಯೋ, ನಿನಗಾಗಿಯೋ?”

“ಎರಡೂ ಒಂದೇ ಅಲ್ವಾ?”

“ಅಲ್ಲ.”

ಕುಶಲಾ ನಡುವೆ ಬಾಯಿ ಹಾಕಿದಳು. “ಹಾಗೆ ಹೇಳಿದರೆ ಹೇಗೆ ದೊಡ್ಡಮ್ಮ? ಅಣ್ಣ ಮನೆಗೆ ಹೋದರೆ ಇವರು ಎಲ್ಲಿಗೆ ಹೋಗುವುದು? ಬೆಳಿಗ್ಗೆ ಎದ್ದು ಶೂ ಹಾಕಿಕೊಂಡು ಅಂಗಳದಲ್ಲಿ ಸುತ್ತುವುದಾ?”

“ಸುತ್ತಲಿ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು.” ನಾನು ಸರ್ವೋತ್ತಮನ ಕಡೆ ತಿರುಗಿದೆ. “ನೋಡು, ವಯಸ್ಸಾಯಿತು ಎಂದು ಯಾರೂ ಕುರ್ಚಿ ಬಿಡಬೇಕಾಗಿಲ್ಲ. ಆದರೆ ಕುರ್ಚಿಯಲ್ಲಿ ಕುಳಿತು ಸಹಿ ಹಾಕುವವನಿಗೆ ತಾನು ಯಾವುದಕ್ಕೆ ಸಹಿ ಹಾಕಿದೆ ಎಂದು ಸಂಜೆಗೆ ನೆನಪಿರಬೇಕು. ಒಂದು ಕ್ಷೇತ್ರದ ಜನರೆಲ್ಲ ಅವರಿಗೆ ಓಟು ಕೊಟ್ಟದ್ದು, ನಿನಗಲ್ಲ. ಈಗ ಅಲ್ಲಿ ನಿಂತು ಮಾತಾಡುತ್ತಿರುವುದು ಅರ್ಧ ನೀನು. ಇದು ಅವರಿಗೆ ಗೊತ್ತುಂಟಾ?”

ಅವನು ಕುರ್ಚಿಯಿಂದ ಎದ್ದ. ನಾನು ಸಮಾಧಾನ ಹೇಳಲಿಲ್ಲ. ಬಾಗಿಲು ಹಾಕುವಾಗ, ಅವನು ಮೆಟ್ಟಿಲು ಇಳಿಯದೆ ಕೆಳಗಿನ ಕತ್ತಲನ್ನು ನೋಡುತ್ತಾ ನಿಂತದ್ದು ಕಂಡಿತು.

ಶನಿವಾರ ನಿಟ್ಟೆಯಲ್ಲಿ ಒಂದು ಮದುವೆ ಇತ್ತು. ವಾಪಸು ಬರುವಾಗ ಸರ್ವೋತ್ತಮ, ದಾರಿಬದಿಯ ಒಂದು ಮರದ ನೆರಳಲ್ಲಿ ಕಾರು ನಿಲ್ಲಿಸಲು ಹೇಳಿದ. ಬಾಳೆಹಣ್ಣು ತರಲು ಡೆನ್ವರನನ್ನು ಅಂಗಡಿಗೆ ಕಳಿಸಿದ. ಡೆನ್ವರ್ ಇಬ್ಬರ ಮುಖವನ್ನೂ ನೋಡಿ, “ಒಳ್ಳೆಯ ಹಣ್ಣು ಹುಡುಕಬೇಕಾದರೆ ಸ್ವಲ್ಪ ಹೊತ್ತು ಆಗುತ್ತದೆ,” ಎಂದು ಹೇಳಿ ಹೋದ.

ಸರ್ವೋತ್ತಮ ಮುಂದಿನ ಸೀಟಿನಲ್ಲಿ, ಹಿಂದಕ್ಕೆ ತಿರುಗದೆಯೇ ಹೇಳಿದ. ಗಾಜಿನ ಕಡೆ ನೋಡುತ್ತಾ, ಬೊಜ್ಜ, ವಿಠಲ, ಮೌನ, ನಳಿನಾಕ್ಷಿ, ಎಲ್ಲವನ್ನೂ. ಹಿಂದಿನ ಸೀಟಿನಿಂದ ರಾಮದಾಸರು ಮುಂದಕ್ಕೆ ಬಗ್ಗಿದರು.

“ನಾನು ಭುಜಂಗ ಎಂದೇ ಹೇಳಿದ್ದು.”

“ವಿಠಲ ಎಂದಿರಿ ಅಣ್ಣ.”

“ಸುಳ್ಳು. ರೋಹಿತ್ ಕಳಿಸಿದನಾ ನಿನ್ನನ್ನು? ನನ್ನ ಅನ್ನ ತಿಂದು, ನನ್ನ ಕಾರಿನಲ್ಲೇ ಕೂತು, ನನಗೇ...” ರಾಮದಾಸರು ಎದುರಿನ ಸೀಟಿಗೆ ಕೈಯಿಂದ ಗುದ್ದಿದರು. ಸರ್ವೋತ್ತಮ ಕಣ್ಣು ಮುಚ್ಚಿಕೊಂಡ. ಏಟು ಬೆನ್ನಿಗೆ ಬೀಳುತ್ತದೆ ಎಂದುಕೊಂಡ, ಬೀಳಲೂ ಬೇಕು ಎಂದುಕೊಂಡ. ಬೀಳಲಿಲ್ಲ.

“ಇನ್ನೂ ಒಂದು ಉಂಟು ಅಣ್ಣ. ಕಾಪುವಿನಲ್ಲಿ ಅಪ್ಪನ ಮೊಣಗಂಟು ನೋವು ಕೇಳಿದಿರಿ.”

“ಕೇಳಿದೆ. ಅದಕ್ಕೆ ಎಂತ?”

“ಅಪ್ಪ ಇಲ್ಲ.”

ರಸ್ತೆಯಲ್ಲಿ ಕಲ್ಲು ತುಂಬಿದ ಲಾರಿಯೊಂದು ಹೋಯಿತು. ರಾಮದಾಸರು ಕಿಟಕಿಯ ಗಾಜು ಏರಿಸಿದರು. ಆಮೇಲೆ ಆಡಿದ್ದು ಬೇರೆಯದೇ ಸ್ವರದಲ್ಲಿ, ಸಭೆಗಳಲ್ಲಿ ಯಾರೂ ಕೇಳದ ಸಣ್ಣ ಸ್ವರದಲ್ಲಿ.

“ನನಗೆ ಗೊತ್ತಿತ್ತು. ಯಾವುದು ತಪ್ಪುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ, ತಪ್ಪುತ್ತಾ ಉಂಟು ಎಂದು ಗೊತ್ತಿತ್ತು. ನಮ್ಮ ಅಮ್ಮನಿಗೂ ಹೀಗೇ. ಕೊನೆಕೊನೆಗೆ ಕನ್ನಡಿ ನೋಡಿ, ಪಾಪ ಆ ಮುದುಕಿಗೆ ಊಟ ಕೊಟ್ಟಿರಾ ಎಂದು ಕೇಳುತ್ತಿದ್ದರು. ಬಂದವರ ಎದುರು ನಾಚಿಕೆ ಎಂದು ನಾವೇ ಒಳಕೋಣೆಯಲ್ಲಿ ಕೂರಿಸಿ ಚಿಲಕ ಹಾಕುತ್ತಿದ್ದೆವು. ಆ ಚಿಲಕದ ಶಬ್ದ ನನಗೆ ಈಗಲೂ ಕೇಳುತ್ತದೆ.”

“ಅಣ್ಣ...”

“ಬಿಡಬಾರದು ಎಂದು ಹಟ ಇಲ್ಲ ಮಾರಾಯ ನನಗೆ. ಈ ಕುರ್ಚಿ ಇರುವವರೆಗೆ ಹೆಸರು ಹೇಳಲಿಕ್ಕೆ ನೀನು ಪಕ್ಕದಲ್ಲಿ ಇರುತ್ತಿ. ಬಿಟ್ಟ ಮೇಲೆ ಯಾರು ಹೇಳುತ್ತಾರೆ ನನಗೆ?”

ಆಗ ಸರ್ವೋತ್ತಮ, ನಾನು ಬರುತ್ತೇನೆ ಎನ್ನಬಹುದಿತ್ತು. ಎನ್ನಲಿಲ್ಲ. ಇನ್ನೊಬ್ಬನ ಮರೆವಿನ ಜೊತೆ ದಿನಾ ಕೂರುವುದನ್ನು ನೆನೆಸಿಕೊಂಡೇ ಅವನಿಗೆ ಭಯವಾಗಿತ್ತು. ಡೆನ್ವರ್ ಬರಿಗೈಯಲ್ಲಿ ಬಂದ, ಹಣ್ಣು ಒಳ್ಳೆಯದಿರಲಿಲ್ಲ ಎಂದ. ಕಾರು ಹೊರಟ ಮೇಲೆ ರಾಮದಾಸರು ಹೇಳಿದರು: “ನಾಳೆ ಹೋಗೋಣ. ರೋಹಿತನಿಗೂ ಅಲ್ಲಿಗೆ ಬರಲಿಕ್ಕೆ ಹೇಳು.”

ಭಾನುವಾರ ನಾನೂ ಶಿರ್ವಕ್ಕೆ ಹೋದೆ. ಗಂಡನಿಗೆ ಅಲ್ಲೇ ಏನಾದರೂ ಆದರೆ ಎಂದು ಕುಶಲಾ ಹೋಗಲು ಹಟ ಹಿಡಿದಳು. ಅವಳೊಬ್ಬಳನ್ನೇ ಬಿಡಲು ನನಗೆ ಮನಸ್ಸಾಗಲಿಲ್ಲ. ವಿಠಲನ ಮನೆಯ ಚಾವಡಿಯಲ್ಲಿ ಚಾಪೆ ಹಾಸಿದ್ದರು. ಮನೆಯವರಲ್ಲದೆ ನೆರೆಕರೆಯ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ರೋಹಿತ್ ಅಂಗಳದಲ್ಲೇ, ಮೊಬೈಲು ಆಫ್ ಮಾಡಿ ಜೇಬಿಗೆ ಹಾಕಿಕೊಂಡು ನಿಂತಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. ಗೆಲ್ಲುವ ಹೊತ್ತಿನಲ್ಲಿ ಮುಖ ತೋರಿಸಬಾರದು ಎಂಬಷ್ಟು ಬುದ್ಧಿ ಅವನಿಗಿತ್ತು.

ನಳಿನಾಕ್ಷಿ ಒಳಗಿನಿಂದ ಬಂದಳು. ನಿದ್ದೆಯಿಲ್ಲದ ಮುಖ. ರಾಮದಾಸರಿಗೆ ನೀರು, ಬೆಲ್ಲ ಇಟ್ಟಳು; ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ನಂತರ ಸರ್ವೋತ್ತಮನ ಕಡೆ ತಿರುಗಿ ಹೇಳಿದಳು:

“ನೀವು ಅಲ್ಲಿಂದ ಏಳಿ. ಇಲ್ಲಿ ನನ್ನ ಹತ್ತಿರ ಬಂದು ನಿಲ್ಲಿ. ಯಾರೂ ಹೇಳಿಕೊಡಬಾರದು.”

ಬೆಳಿಗ್ಗೆಯಿಂದ ಕಾರಿನಲ್ಲಿ, ಅಂಗಳದಲ್ಲಿ, ಮೆಟ್ಟಿಲಲ್ಲಿ ಸರ್ವೋತ್ತಮ ‘ವಿಠಲ, ವಿಠಲ’ ಎಂದು ಜಪ ಮಾಡಿಸಿದ್ದ. ಈಗ ಎದ್ದು ಚಾವಡಿಯ ಆಚೆ ಬದಿಗೆ ಹೋದ. ರಾಮದಾಸರ ಎಡಗಡೆ ಖಾಲಿಯಾಯಿತು. ಅವರು ಒಮ್ಮೆ ಆ ಖಾಲಿ ಜಾಗವನ್ನು ನೋಡಿದರು.

ಎದುರಿಗೆ ವಿಠಲ ಕುಳಿತಿದ್ದ, ಮದುಮಗನ ಹಾಗೆ ಬಿಳಿ ಅಂಗಿ ಹಾಕಿಕೊಂಡು, ಕಣ್ಣು ಮಿಟುಕಿಸದೆ. ನಗಲು ಆಗುತ್ತಿರಲಿಲ್ಲ ಅವನಿಗೆ.

ರಾಮದಾಸರು ಅವನನ್ನು ನೋಡಿದರು. ತುಟಿ ಒಮ್ಮೆ ತೆರೆಯಿತು, ಮುಚ್ಚಿತು. ಹೊರಗೆ ಒಂದು ಕೋಳಿ ಕೂಗಿತು, ಯಾರೋ ಅದನ್ನು ಹುಶ್ ಎಂದು ಓಡಿಸಿದರು. ಇಡೀ ಕ್ಷೇತ್ರದ ಸತ್ತವರನ್ನೆಲ್ಲ ಅವರವರ ಅಜ್ಜಿಯ ಮನೆಯವರೆಗೆ ಬಲ್ಲ ಮನುಷ್ಯ, ಎದುರು ಕುಳಿತ ಒಬ್ಬ ಬದುಕಿರುವವನ ಹೆಸರನ್ನು ಹುಡುಕುತ್ತಿದ್ದ. ತಪ್ಪು ಹೆಸರು ಬಂದರೆ ಈ ಹೆಂಗಸು ಏನಾಗುತ್ತಾಳೋ ಎಂದು ನನಗೂ ಅನಿಸಿತು. ಕುಶಲಾ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮರುದಿನವೂ ನೋವಿತ್ತು. ಸರ್ವೋತ್ತಮನ ತುಟಿಗಳು ಆ ಮೂರು ಅಕ್ಷರಕ್ಕೆ ಅಲುಗಿದವು. ನಳಿನಾಕ್ಷಿ ಅವನನ್ನು ನೋಡಿದಳು. ಅವನು ಕೈಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ.

ಕೊನೆಗೆ ರಾಮದಾಸರು ಕೈಮುಗಿದರು. ಸಭೆಗೆ ಮುಗಿಯುವ ಹಾಗಲ್ಲ, ಒಬ್ಬ ಮನುಷ್ಯನಿಗೆ ಮುಗಿಯುವ ಹಾಗೆ.

“ನಿಮ್ಮ ಹೆಸರು ನನಗೆ ಬರುತ್ತಾ ಇಲ್ಲ. ನೀವೇ ಹೇಳಿ.”

ವಿಠಲ ಹೆಂಡತಿಯ ಕಡೆ ನೋಡಿದ.

“ವಿಠಲ,” ಎಂದ ವಿಠಲ. ಅವನ ಸ್ವರ ಒಡೆದಿತ್ತು.

“ವಿಠಲ,” ಎಂದರು ರಾಮದಾಸರು. “ವಿಠಲ, ನೀವು ಬದುಕಿದ್ದೀರಿ. ತಪ್ಪು ನನ್ನ ತಲೆಯದ್ದು, ನಿಮ್ಮ ಆಯುಷ್ಯದ್ದಲ್ಲ. ನೂರು ಕಾಲ ಬಾಳಿ.” ನಂತರ ಅಂಗಳದ ಕಡೆ ನೋಡಿ, ಸ್ವಲ್ಪ ಜೋರಾಗಿ, “ರೋಹಿತ್, ಕೇಳಿತಲ್ಲ? ಗುರುಪ್ರಸಾದನಿಗೆ ಹೇಳು. ಈ ಸಲ ನಾನು ನಿಲ್ಲುವುದಿಲ್ಲ. ಯಾಕೆ ಎಂದು ಕೇಳಿದರೆ ಇಲ್ಲಿ ನಡೆದದ್ದನ್ನೇ ಹೇಳು. ಬೇರೆ ಕಥೆ ಕಟ್ಟಬೇಡ.”

ರೋಹಿತ್ ತಲೆಯಾಡಿಸಿದ. ಹತ್ತಾರು ವರ್ಷ ಕಾದ ಮಾತು ಕೇಳಿದವನ ಮುಖದಲ್ಲಿ ಸಂತೋಷ ಇರಲಿಲ್ಲ. ತನಗೂ ಹೀಗೊಂದು ದಿನ ಉಂಟು ಎಂದು ಹೊಳೆದಿರಬೇಕು. ನಳಿನಾಕ್ಷಿ ಒಳಗೆ ಹೋಗಿ ಊಟಕ್ಕೆ ಎಲೆ ಹಾಕಿದಳು. ಅಂದು ಅವಳೂ ಉಂಡಳು ಎಂದು ಪ್ರತೀಕ್ ನಂತರ ತಿಳಿಸಿದ. ವೀಡಿಯೊವನ್ನು ನಮ್ಮ ಎದುರಿಗೇ ಅಳಿಸಿದ.

ಚುನಾವಣೆಯಲ್ಲಿ ರೋಹಿತ್ ನಿಂತ, ಗೆದ್ದ. ರಾಮದಾಸರಿಗೆ ಬರುತ್ತಿದ್ದಷ್ಟು ಅಂತರದಿಂದಲ್ಲ. ನುಡಿನಮನದಲ್ಲಿ ಅವನು ಮೊಬೈಲು ನೋಡಿಕೊಂಡು ಮಾತಾಡುತ್ತಾನೆ. ಜನ ಗೊಣಗುತ್ತಾರೆ, ಆದರೆ ಹೆಸರು ತಪ್ಪುವುದಿಲ್ಲ. ನನ್ನ ಜೊತೆ ಇರಿ ಎಂದು ಸರ್ವೋತ್ತಮನನ್ನು ಕರೆದ. ಅವನು ಹೋಗಲಿಲ್ಲ.

ಕುಶಲಾ ಹೇಳಿದ ಹಾಗೆ ಕೆಲವು ದಿನ ಶೂ ಹಾಕಿಕೊಂಡು ಅಂಗಳದಲ್ಲಿ ಸುತ್ತಿದ. ಆಮೇಲೆ ಒಂದು ಬೆಳಿಗ್ಗೆ, ಯಾರೂ ಕರೆಯದೆ, ಕಾರ್ಕಳದ ಬಸ್ಸು ಹತ್ತಿ ರಾಮದಾಸರ ಮನೆಗೆ ಹೋದ. 

ಈಗ ದಿನಾ ಹೋಗುತ್ತಾನೆ. ಪೇಪರು ಓದಿ ಹೇಳುತ್ತಾನೆ, ಬಂದವರ ಹೆಸರು ಹೇಳುತ್ತಾನೆ. ಬರುವವರು ಕಡಿಮೆ. ಒಳಕೋಣೆಗಳ ಬಾಗಿಲಿನ ಹೊರಗಿನ ಚಿಲಕಗಳನ್ನು ರಾಮದಾಸರು ತಾವೇ ಎದುರು ನಿಂತು ಬಡಗಿಯಿಂದ ತೆಗೆಸಿದ್ದಾರೆ. ಧೈರ್ಯ ಬಂದು ಸರ್ವೋತ್ತಮ ಹೋಗುತ್ತಾನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅವನ ಹೆದರಿಕೆ ಹಾಗೆಯೇ ಉಂಟು, ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮೆಟ್ಟಿಲು ಹತ್ತುವಾಗ ಅಣ್ಣ ತಲೆ ಎತ್ತಿ ‘ನೀವು ಯಾರು?’ ಎಂದು ಕೇಳಿಬಿಟ್ಟರೆ?

ಆ ಪ್ರಶ್ನೆ ಬಾರದಿರಲಿ ಎಂದು ಅವನು ಗೇಟಿನಿಂದಲೇ, ರಸ್ತೆಯವರಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ: “ಅಣ್ಣ, ನಾನು ಸರ್ವೋತ್ತಮ!”

“ಗೊತ್ತುಂಟು ಮಾರಾಯ! ಎಂತ ಬೊಬ್ಬೆ ನಿನ್ನದು?” ಎಂದು ಒಳಗಿನಿಂದ ಬೈಗುಳ ಬರುತ್ತದೆ.

ಕೆಲವು ದಿನ ಸ್ವಲ್ಪ ತಡವಾಗಿ ಬರುತ್ತದೆ. ಆಗ ಅವನು ಗೇಟಿನ ಸರಳು ಹಿಡಿದು ನಿಂತು ಕಾಯುತ್ತಾನೆ, ಒಳಗೆ ಹೋಗುವುದಿಲ್ಲ.